ಮೊಲದ ಕಜ್ಜಿ: ಮೈಯಲ್ಲಿ ಎಲ್ಲಿದೆ ಅಂತ ಮೊದಲು ನೋಡಿ

ಮೊಲ ಕೆರೆದುಕೊಳ್ಳುತ್ತಿದೆ ಅಂದ ಕೂಡಲೇ ಐವರ್‌ಮೆಕ್ಟಿನ್ ಎಂಬ ನುಸಿ ಕೊಲ್ಲುವ ಔಷಧಿ ಬರೆಯುವವರೇ ಪಶುವೈದ್ಯಕೀಯ ಓದುವ ನಮ್ಮಲ್ಲಿ ಜಾಸ್ತಿ. ಕಜ್ಜಿ ತಂದದ್ದು ಯಾವ ನುಸಿ ಅಂತ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಿದರೆ ಮಾತ್ರ ಬಾಯಿ ಕಟ್ಟುತ್ತದೆ. ಕಜ್ಜಿ ಎಲ್ಲಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ.

ಕಿವಿಯೊಳಗೆ ಪದರ ಪದರವಾಗಿ ಕಂದು ಹಕ್ಕಳೆ ಕಟ್ಟಿದ್ದರೆ ಸೋರಾಪ್ಟಿಸ್, ಅಂದರೆ ಕಿವಿ ನುಸಿ. ಹಕ್ಕಳೆ ಕಿತ್ತು ಕಿವಿ ಕ್ಲೀನ್ ಮಾಡಲು ಹೋಗಬೇಡಿ. ಅಡಿಯಲ್ಲಿ ಹಸಿ ಗಾಯ ಇರುತ್ತದೆ, ಮೊಲಕ್ಕೆ ಪ್ರಾಣ ಹೋದಷ್ಟು ನೋವು. ಔಷಧಿ ಹಿಡಿದ ಮೇಲೆ ತಾನಾಗೇ ಉದುರುತ್ತದೆ. ಮೂಗು, ತುಟಿ, ಪಾದದಲ್ಲಿ ಹಕ್ಕಳೆ ಇದ್ದರೆ ಸಾರ್ಕಾಪ್ಟಿಸ್ ಎಂಬ ನುಸಿ ಇರಬಹುದು. ಇದು ಚರ್ಮ ಕೊರೆದು ಒಳಗೆ ಕೂರುತ್ತದೆ, ಸ್ವಲ್ಪ ರಕ್ತ ಜಿನುಗುವ ತನಕ ಚರ್ಮ ಕೆರೆದು ಮೈಕ್ರೋಸ್ಕೋಪಿಗೆ ಸ್ಕ್ರೇಪಿಂಗ್ ತೆಗೆಯಬೇಕು.

ಬೆನ್ನ ಮೇಲೆ ತಲೆಹೊಟ್ಟಿನಂಥ ಪುಡಿ ಇದ್ದರೆ ಚೈಲಿಟಿಯೆಲ್ಲಾ ಎಂಬ ನುಸಿ. ಸಕಲೇಶಪುರದ ಕಡೆಯಿಂದ ಹಾಸನಕ್ಕೆ ಒಂದು ಮೊಲ ತಂದಿದ್ದರು. ಜೊತೆಗಿದ್ದ ಹುಡುಗಿಯ ಮುಂಗೈ ತುಂಬ ಕೆಂಪು ಗುಳ್ಳೆ. "ಮಳೆಗಾಲ ಅಲ್ವಾ ಸಾರ್, ಸೊಳ್ಳೆ ಕಚ್ಚಿದೆ" ಅಂದರು ಅವರಮ್ಮ. ಕಪ್ಪು ಕಾಗದ ಹಾಸಿ ಮೊಲದ ಬೆನ್ನು ಬಾಚಿದೆವು. ಉದುರಿದ ಹೊಟ್ಟಿನಲ್ಲಿ ಒಂದೆರಡು ಚುಕ್ಕೆ ಮೆಲ್ಲಗೆ ನಡೆಯತೊಡಗಿದವು! ಸೆಲ್ಲೋ ಟೇಪ್ ಒತ್ತಿ ತೆಗೆದು ಮೈಕ್ರೋಸ್ಕೋಪ್ ಕೆಳಗಿಟ್ಟರೆ ಬಾಯಿಯ ಪಕ್ಕದ ದೊಡ್ಡ ಕೊಕ್ಕೆಗಳು ಎದ್ದು ಕಂಡವು. ಈ ನುಸಿ ಮನುಷ್ಯರನ್ನೂ ಕಚ್ಚುತ್ತದೆ, ಹಾಗಾಗಿ ಮನೆಯವರ ಕೈ ನೋಡುವುದೂ ಪರೀಕ್ಷೆಯ ಭಾಗವೇ.

ಇನ್ನು ಡೋಸ್. ಐವರ್‌ಮೆಕ್ಟಿನ್ ಕೆಜಿಗೆ 0.2ರಿಂದ 0.4 ಮಿಗ್ರಾಂ, ಚರ್ಮದಡಿಗೆ. ಮೊಟ್ಟೆಗಳು ಇದಕ್ಕೆ ಸಾಯುವುದಿಲ್ಲ, ಅದಕ್ಕೇ 10–14 ದಿನ ಬಿಟ್ಟು ಮತ್ತೆ ಕೊಡಬೇಕು, ಒಟ್ಟು ಎರಡು ಮೂರು ಸಲ. 1% ಇಂಜೆಕ್ಷನ್‌ನ 1 ಮಿಲಿಯಲ್ಲಿ 10 ಮಿಗ್ರಾಂ ಇರುತ್ತದೆ. ಒಂದೂವರೆ ಕೆಜಿ ಮೊಲಕ್ಕೆ 0.2ರ ಲೆಕ್ಕದಲ್ಲಿ ಬರೀ 0.03 ಮಿಲಿ. ಇಲ್ಲೇ ನಾನು ಎಡವಿದ್ದು. 1 ಮಿಲಿಗೆ 100 ಯೂನಿಟ್ ಗೆರೆ ಇರುವ ಯು-100 ಇನ್ಸುಲಿನ್ ಸಿರಿಂಜಿನಲ್ಲಿ ಇದು 3 ಯೂನಿಟ್. ನಾನು ಕೈಗೆತ್ತಿಕೊಂಡಿದ್ದು 1 ಮಿಲಿಗೆ 40 ಯೂನಿಟ್ಟಿನ ಯು-40. ಅದರಲ್ಲಿ 3 ಯೂನಿಟ್ ಅಂದರೆ 0.075 ಮಿಲಿ, ಎರಡೂವರೆ ಪಟ್ಟು! ಸೀನಿಯರ್ ನೋಡಿ ತಡೆದರು.

ಚಿಗಟಕ್ಕೆ ಅಂತ ನಾಯಿಗೆ ಹಾಕುವ ಫಿಪ್ರೊನಿಲ್ ಮೊಲಕ್ಕೆ ಬೇಡವೇ ಬೇಡ. ಫಿಟ್ಸ್ ಬಂದು ಸಾಯಬಹುದು. ಅದರ ಬದಲು ಸೆಲಮೆಕ್ಟಿನ್ ಎಂಬ ಔಷಧಿ ಆದೀತು.

ಜೊತೆಗಿರುವ ಮೊಲಗಳಿಗೂ ಚಿಕಿತ್ಸೆ ಆಗಬೇಕು, ಗೂಡೂ ಶುದ್ಧವಾಗಬೇಕು. ಕಿವಿ ನುಸಿ ಮೈ ಬಿಟ್ಟರೂ ತಂಪು ತೇವದಲ್ಲಿ ಮೂರು ವಾರದವರೆಗೆ ಬದುಕಬಲ್ಲದು. ಮಲೆನಾಡಿನ ಆಷಾಢದಲ್ಲಿ ಬಿಸಿಲಿಗೆ ಒಣಗಿಸಿ ಅಂದರೆ ನಗುತ್ತಾರೆ. ಹಾಸಿದ ಗೋಣಿಚೀಲ ಸುಟ್ಟುಬಿಡಿ ಅಂತಲೇ ಹೇಳಿ.