ನಾಲ್ಕನೇ ಐರನ್ ಚೀಲದಲ್ಲಿರಬೇಕೇ?

ಗಾಲ್ಫ್ ಸೆಟ್ ಕೊಳ್ಳುವಾಗ ಕ್ಲಬ್ಬಿನ (ಚೆಂಡು ಹೊಡೆಯುವ ಕೋಲಿನ) ಮೇಲಿನ ಅಂಕಿ ನಂಬಬೇಡಿ, ಲಾಫ್ಟ್, ಅಂದರೆ ಕ್ಲಬ್ಬಿನ ಮುಖ ಹಿಂದಕ್ಕೆ ವಾಲಿರುವ ಕೋನ, ಎಷ್ಟು ಡಿಗ್ರಿ ಎಂದು ಕೇಳಿ. ಹಳೆಯ ಸೆಟ್‌ಗಳಲ್ಲಿ 4ನೇ ಐರನ್ನಿನ (ಲೋಹದ ಚಪ್ಪಟೆ ತಲೆಯ ಕ್ಲಬ್ಬಿನ) ಲಾಫ್ಟ್ 24 ಡಿಗ್ರಿ ಆಸುಪಾಸು ಇರುತ್ತಿತ್ತು. ದೂರ ಹೋಗಲೆಂದೇ ಮಾಡುವ ಈಗಿನ ಸೆಟ್‌ಗಳಲ್ಲಿ ಅದು 20-21ಕ್ಕೆ ಇಳಿದಿರುವುದುಂಟು. ಹೆಸರಿಗೆ 4, ಕೈಗೆ ಸಿಗುವುದು ಹಳೆಯ 3. ಸ್ವಿಂಗ್‌ನಲ್ಲಿ ವೇಗವಿಲ್ಲದವರಿಗೆ ಅದರಿಂದ ಚೆಂಡು ಮೇಲೇಳುವುದೇ ಇಲ್ಲ.

5 ಮತ್ತು 4ರಲ್ಲಿ ಹತ್ತತ್ತು ಚೆಂಡು ಹೊಡೆದು ನೋಡಿ. ಉರುಳಿ ನಿಂತ ಜಾಗವಲ್ಲ, ನೆಲಕ್ಕೆ ಬಿದ್ದ ಜಾಗ ಲೆಕ್ಕ. ನಡುವೆ ಹತ್ತು ಗಜದ ಅಂತರವೂ ಬಾರದಿದ್ದರೆ 4ರ ಬದಲು ಹೈಬ್ರಿಡ್ (ದಪ್ಪ ತಲೆಯ, ಚೆಂಡನ್ನು ಸುಲಭವಾಗಿ ಎತ್ತುವ ಕ್ಲಬ್) ತಗೊಳ್ಳಿ. ಇರುವುದೇ 14 ಕ್ಲಬ್ಬಿನ ಮಿತಿ, ಅದರಲ್ಲೊಂದು ದಂಡವಾಗುವುದು ಬೇಡ.

ಹಾಗಂತ ಕರಾವಳಿಯವರು ಲಾಂಗ್ ಐರನ್ನನ್ನು (4ರಂಥ ಕಡಿಮೆ ಲಾಫ್ಟಿನ ಐರನ್ನನ್ನು) ಪೂರ್ತಿ ಕೈಬಿಡುವಂತಿಲ್ಲ. ಮಧ್ಯಾಹ್ನ ಕಡಲ ಕಡೆಯಿಂದ ಗಾಳಿ ಎದ್ದ ಮೇಲೆ ತಗ್ಗಿನಲ್ಲಿ ಹೋಗುವ ಚೆಂಡೇ ಉಳಿಯುವುದು. ಎದುರುಗಾಳಿಗೆ ಜೋರಾಗಿ ಬೀಸಿದಷ್ಟೂ ಬ್ಯಾಕ್‌ಸ್ಪಿನ್ (ಚೆಂಡಿನ ಹಿಮ್ಮುಖ ತಿರುಗುವಿಕೆ) ಹೆಚ್ಚಿ ಚೆಂಡು ಪಟದ ಹಾಗೆ ಏರಿ ಅಲ್ಲೇ ಬೀಳುತ್ತದೆ. ಹಿಡಿಕೆಯನ್ನು ಒಂದಿಂಚು ಕೆಳಗೆ ಹಿಡಿದು, 7ನೇ ಐರನ್ನಿನ ಲಯದಲ್ಲೇ ಮುಕ್ಕಾಲು ಸ್ವಿಂಗ್ ಮಾಡಿ. ಬಲಗೈಯವರಿಗೆ ಚೆಂಡು ಎಡ ಹಿಮ್ಮಡಿಯಿಂದ ಎರಡು ಚೆಂಡಿನಷ್ಟು ಒಳಗಿರಲಿ.

ಕೆಡುವುದು ಹೆಚ್ಚಾಗಿ ಒಂದೇ ಕಡೆ: ಚೆಂಡನ್ನು ಎತ್ತಲು ಹೋಗುವುದು. ಎತ್ತುವ ಕೆಲಸ ಲಾಫ್ಟ್‌ನದು. ಇದನ್ನು ಕಣ್ಣಾರೆ ಕಾಣಲು ಕಾರವಾರದ ಟಾಗೋರ್ ಕಡಲತೀರಕ್ಕಿಂತ ಒಳ್ಳೆಯ ಜಾಗ ಬೇಡ. ಬೆಳಗಿನ ಇಳಿತದಲ್ಲಿ, ಹತ್ತಿರ ಜನವಿಲ್ಲದಾಗ, ಒದ್ದೆ ಮರಳಲ್ಲಿ ಒಂದು ಅಡ್ಡಗೆರೆ ಎಳೆಯಿರಿ. ಚೆಂಡು ಬೇಡ, ಹಳೆಯ ಕ್ಲಬ್ ಸಾಕು. ಬೀಸಿದಾಗ ಮರಳು ಕೆರೆದ ಗುರುತು ಗೆರೆಯಿಂದಲೇ ಶುರುವಾಗಿ ಗುರಿಯತ್ತ ಸಾಗಬೇಕು, ಅದೂ ತೆಳ್ಳಗೆ. ಗೆರೆಗಿಂತ ನಾಲ್ಕು ಬೆರಳು ಹಿಂದೆಯೇ ಕೆರೆದಿದ್ದರೆ ಮೈಭಾರ ಬಲಗಾಲಲ್ಲೇ ಉಳಿದಿದೆ ಎಂದರ್ಥ. ಮರಳು ಇದನ್ನು ಕ್ಷಮಿಸುತ್ತದೆ. ಬೇಸಿಗೆಯ ಚಿರೇಕಲ್ಲು ನೆಲದಲ್ಲಿ ಹಾಗಾದರೆ ಕ್ಲಬ್ ಪುಟಿದು ಚೆಂಡಿನ ನಡುವಿಗೇ ಬಡಿಯುತ್ತದೆ, ಕೈ ಜುಮ್ಮೆನ್ನುತ್ತದೆ.

ಮಳೆಗಾಲದಲ್ಲಿ ಲಾಂಗ್ ಐರನ್ ಮನೆಯಲ್ಲೇ ಇರಲಿ. ನೆನೆದ ನೆಲದಲ್ಲಿ ಚೆಂಡು ಉರುಳುವುದಿಲ್ಲ, ಎತ್ತರದ ಹುಲ್ಲು ಕ್ಲಬ್ಬಿನ ಕುತ್ತಿಗೆಗೆ ಸುತ್ತಿಕೊಂಡು ಮುಖವನ್ನು ಎಡಕ್ಕೆ ತಿರುಗಿಸುತ್ತದೆ. ಆಗ ಹೈಬ್ರಿಡ್ಡೇ ಸರಿ. ಮರಳಿಗೆ ಒಯ್ದ ಕ್ಲಬ್ಬನ್ನು ಅಂದೇ ಸಿಹಿನೀರಲ್ಲಿ ತೊಳೆದು ಒರೆಸಿ. ಗೀರುಬಿದ್ದ ಕಡೆ ಉಪ್ಪು ಕೂತರೆ ತುಕ್ಕು ಅಲ್ಲಿಂದಲೇ ಶುರು.