ಯಂತ್ರದ ತಾಳಕ್ಕೆ ಚರ್ಚಿನ ಗಂಟಲು

1989ರಲ್ಲಿ 'ರೈಡ್ ಆನ್ ಟೈಮ್' ಎಂಬ ಹಾಡು ಬ್ರಿಟನ್ನಿನಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ಮಾಡಿದ್ದು ಇಟಲಿಯ ಬ್ಲ್ಯಾಕ್ ಬಾಕ್ಸ್ ತಂಡ. ತಾಳವೆಲ್ಲ ಯಂತ್ರದ್ದು. ಆದರೆ ಹಾಡಿಗೆ ಜೀವ ತುಂಬಿದ್ದು ಒಂದು ಹೆಣ್ಣುದನಿ. ಅದು ಶಿಕಾಗೊದ ಲೊಲೀಟಾ ಹಾಲೊವೇ ಅವರದ್ದು. ಗಾಸ್ಪೆಲ್, ಅಂದರೆ ಅಮೆರಿಕದ ಕಪ್ಪುಜನರ ಚರ್ಚಿನ ಭಕ್ತಿಗೀತೆ ಹಾಡಿ, 'ಕ್ಯಾರವಾನ್ಸ್' ತಂಡದಲ್ಲಿ ಪಳಗಿದ ಗಂಟಲು. ಅವರ 1980ರ 'ಲವ್ ಸೆನ್ಸೇಷನ್' ಹಾಡಿನ ತುಣುಕುಗಳನ್ನು ಕತ್ತರಿಸಿ ಇಲ್ಲಿಗೆ ಅಂಟಿಸಿದ್ದರು.

ಇಂಥ ದನಿಯೇ ಯಾಕೆ ಬೇಕಿತ್ತು?

ಕ್ಲಬ್ಬಿನಲ್ಲಿ ಎದೆಗೆ ಗುದ್ದುವ ಕಿಕ್ ಡ್ರಮ್ಮಿನ ಬಲವೆಲ್ಲ ಸುಮಾರು 50ರಿಂದ 100 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಒಳಗೇ ಇರುತ್ತದೆ. ನಮ್ಮ ಕಿವಿ ಚುರುಕಾಗಿರುವುದು ಅಲ್ಲಲ್ಲ, 2000ದಿಂದ 5000 ಹರ್ಟ್ಸ್ ನಡುವೆ. ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಕೊಳಲಿನ ಹಾಗೆ ಅದೂ 3000 ಹರ್ಟ್ಸ್ ಆಸುಪಾಸಿನ ಸದ್ದನ್ನು ಹಿಗ್ಗಿಸುತ್ತದೆ. ಗಾಸ್ಪೆಲ್ ಗಾಯಕಿ ಎದೆತುಂಬಿ ಕೂಗಿ ಹಾಡುವಾಗ ಧ್ವನಿತಂತುಗಳು ಪಟ್ಟನೆ ಮುಚ್ಚಿಕೊಳ್ಳುತ್ತವೆ. ಆಗ ಮೂಲ ಸ್ವರ 440 ಹರ್ಟ್ಸ್ ಇದ್ದರೂ ಅದರ ಎರಡರಷ್ಟು, ಮೂರರಷ್ಟು, ಏಳರಷ್ಟರ ಕಂಪನಗಳೂ ಜೋರಾಗಿ ಹೊರಡುತ್ತವೆ. ಏಳರಷ್ಟು ಅಂದರೆ 3080. ಕಿವಿಗೆ ಬೇಕಾದ ಜಾಗವೇ ಅಲ್ವಾ? ಡ್ರಮ್ಮು ಕೆಳಗೆ, ದನಿ ಮೇಲೆ. ಒಂದನ್ನೊಂದು ಮುಚ್ಚಿಹಾಕುವುದಿಲ್ಲ.

ಇನ್ನೊಂದು ನಂಟೂ ಇದೆ, ನನಗೆ ಅದೇ ಜಾಸ್ತಿ ಇಷ್ಟ. ಗಾಸ್ಪೆಲ್ ಹಾಡಿನ ಕೊನೆಯಲ್ಲಿ ಗಾಯಕವೃಂದ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಿರುತ್ತದೆ. ಮುಖ್ಯ ಗಾಯಕಿ ಅದರ ಮೇಲೆ ಮನಸ್ಸಿಗೆ ಬಂದಂತೆ ಏರುತ್ತಾ ಹೋಗುತ್ತಾಳೆ. ಇದನ್ನು 'ವ್ಯಾಂಪ್' ಅಂತಾರೆ. 'ರೈಡ್ ಆನ್ ಟೈಮ್'ನಂಥ ಯಂತ್ರತಾಳದ ಕ್ಲಬ್ ಹಾಡುಗಳಿಗೆ 'ಹೌಸ್' ಅಂತ ಹೆಸರು. ಈ ಹೌಸ್ ಸಂಗೀತದಲ್ಲಿ ಆ ವೃಂದದ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೇ. ಹೌಸ್ ಹುಟ್ಟಿದ್ದೂ ಶಿಕಾಗೊದಲ್ಲೇ, ಕಪ್ಪುಜನರ ಕ್ಲಬ್ಬುಗಳಲ್ಲಿ. ಚರ್ಚಿನ ಹಾಡು ಅಲ್ಲಿಗೆ ಹೊರಗಿನಿಂದ ಬರಬೇಕಿರಲಿಲ್ಲ.

ಕತ್ತರಿಸಿ ಅಂಟಿಸುವುದು ಸುಮ್ನೆ ಆಗುವ ಕೆಲಸವಲ್ಲ. ಆಗಿನ ಸ್ಯಾಂಪ್ಲರಿನಲ್ಲಿ (ಸದ್ದಿನ ತುಣುಕು ಹಿಡಿದಿಟ್ಟು ಬೇಕಾದಾಗ ನುಡಿಸುವ ಯಂತ್ರ) ತುಣುಕಿನ ವೇಗ ಹೆಚ್ಚಿಸಿದರೆ ಶ್ರುತಿಯೂ ಏರುತ್ತಿತ್ತು. ಶೇಕಡಾ 6ರಷ್ಟು ಜೋರಾಗಿ ಓಡಿಸಿದರೆ ಒಂದು ಸ್ವರಸ್ಥಾನ ಮೇಲೆ: ಷಡ್ಜವಿದ್ದದ್ದು ಕರ್ನಾಟಕ ಸಂಗೀತದ ಶುದ್ಧ ರಿಷಭ. ಇನ್ನೂ ಓಡಿಸಿದರೆ ದೊಡ್ಡವರ ಗಂಟಲು ಮಕ್ಕಳದ್ದಾಗುತ್ತದೆ.

ಇಷ್ಟೆಲ್ಲ ಆಗಿ, ಹಾಲೊವೇ ಹೆಸರು ಆ ಹಾಡಿನಲ್ಲಿ ಇರಲೇ ಇಲ್ಲ. ವಿಡಿಯೊದಲ್ಲಿ ಒಬ್ಬ ಮಾಡೆಲ್ ತುಟಿ ಆಡಿಸಿದ್ದಳು. ತಕರಾರು ಎದ್ದ ಮೇಲೆ ಹೀದರ್ ಸ್ಮಾಲ್ ಎಂಬ ಗಾಯಕಿಯಿಂದ ಅದೇ ಸಾಲು ಹಾಡಿಸಿ ಇನ್ನೊಂದು ಆವೃತ್ತಿ ಬಿಟ್ಟರು. ಅವರೂ ಗಟ್ಟಿ ಗಾಯಕಿಯೇ. ಆದರೂ ನನ್ನ ಓಟು ಮೊದಲನೆಯದಕ್ಕೆ.