ಶಿಕ್ಷೆ ರದ್ದಾದ ಮೇಲೆ ಪರಿಹಾರ ಕೇಳುವ ದಾರಿ
ಮೇಲ್ಮನವಿಯಲ್ಲಿ ಶಿಕ್ಷೆ ರದ್ದಾಗಿ ಮನುಷ್ಯ ಮನೆಗೆ ಮರಳಿದ ಮೇಲೆ, ‘ಕಳೆದುಹೋದ ವರ್ಷಗಳಿಗೆ ಸರ್ಕಾರ ಏನಾದರೂ ಕೊಡುತ್ತದೆಯೇ ಸರ್?’ ಎಂದು ಮನೆಯವರು ಕೇಳುತ್ತಾರೆ. ಕೊಡಲೇಬೇಕೆನ್ನುವ ಕಾಯ್ದೆ ನಮ್ಮಲ್ಲಿಲ್ಲ. ಆಧಾರವಿಲ್ಲದ ಬಂಧನಕ್ಕೆ ಪರಿಹಾರ ಕೊಡಿಸುವ ಕಲಂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಅಂದರೆ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾಯ್ದೆಯಲ್ಲಿದೆ, ನಿಜ. ಅದರ ಗರಿಷ್ಠ ಮಿತಿ 1,000 ರೂಪಾಯಿ.

ದುರುದ್ದೇಶದಿಂದ ಮೊಕದ್ದಮೆ ಹೂಡಿದರೆಂದು ಸಿವಿಲ್ ದಾವೆ ಹಾಕಬಹುದು. ಆದರೆ ಖುಲಾಸೆಯಾದ ಒಂದು ವರ್ಷದೊಳಗೆ ಹಾಕಬೇಕು, ಸರ್ಕಾರವನ್ನು ಪ್ರತಿವಾದಿ ಮಾಡುವುದಾದರೆ ಎರಡು ತಿಂಗಳ ನೋಟಿಸ್ ಕೊಡಬೇಕು, ಕೇಳುವ ಮೊತ್ತಕ್ಕೆ ತಕ್ಕ ಕೋರ್ಟ್ ಶುಲ್ಕ ಕಟ್ಟಬೇಕು; ಇಷ್ಟಾದ ಮೇಲೂ ದುರುದ್ದೇಶವನ್ನು ರುಜುವಾತುಪಡಿಸುವ ಹೊಣೆ ವಾದಿಯದೇ. ಬರಿಗೈಯಲ್ಲಿ ಹೊರಬಂದವರಿಗೆ ಇದು ಹೆಸರಿಗಷ್ಟೇ ಇರುವ ದಾರಿ.

ಹೀಗಾಗಿ ಹೆಚ್ಚಿನವರು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ, ಅಂದರೆ ಮೂಲಭೂತ ಹಕ್ಕಿನ ಉಲ್ಲಂಘನೆಗೆ ನೇರವಾಗಿ ಪರಿಹಾರ ಕೇಳುವ ಅರ್ಜಿ ಸಲ್ಲಿಸುತ್ತಾರೆ. ಖುಲಾಸೆಯಾದ ಮೇಲೂ 14 ವರ್ಷ ಬಿಹಾರದ ಜೈಲಿನಲ್ಲೇ ಕೊಳೆತ ರುದುಲ್ ಸಾಹ್ ಅವರಿಗೆ ಸುಪ್ರೀಂ ಕೋರ್ಟ್ 1983ರಲ್ಲಿ ಹಣ ಕೊಡಿಸಿದಾಗ ತೆರೆದ ಬಾಗಿಲಿದು. ಆದರೆ ಇಲ್ಲಿ ಎಲ್ಲವೂ ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. ಇಸ್ರೊ ಬೇಹುಗಾರಿಕೆ ಪ್ರಕರಣದಲ್ಲಿ ಬಂಧಿತರಾಗಿಯೂ ನ್ಯಾಯಾಲಯದ ವಿಚಾರಣೆಯನ್ನೇ ಎದುರಿಸದ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 2018ರಲ್ಲಿ 50 ಲಕ್ಷ ರೂಪಾಯಿ ದೊರೆಯಿತು, ಅದು ನ್ಯಾಯವೇ. ಅಕ್ಷರಧಾಮ ದಾಳಿ ಪ್ರಕರಣದಲ್ಲಿ ಗಲ್ಲು ಶಿಕ್ಷೆಗೆ ಗುರಿಯಾದವರೂ ಸೇರಿ ಆರು ಮಂದಿಯನ್ನು 2014ರಲ್ಲಿ ಖುಲಾಸೆಗೊಳಿಸಿ, ತನಿಖೆಯನ್ನು ಕಟುವಾಗಿ ಟೀಕಿಸಿದ್ದ ಅದೇ ಸುಪ್ರೀಂ ಕೋರ್ಟ್, 2016ರಲ್ಲಿ ಅವರು ಪರಿಹಾರ ಕೇಳಿದಾಗ ಒಪ್ಪಲಿಲ್ಲ.

ಕಾನೂನು ಆಯೋಗ 2018ರ ತನ್ನ 277ನೇ ವರದಿಯಲ್ಲಿ, ಇಂಥ ಅರ್ಜಿಗಳನ್ನು ಆಲಿಸಲು ವಿಶೇಷ ನ್ಯಾಯಾಲಯಗಳನ್ನು ಶಿಫಾರಸು ಮಾಡಿತು. ಅದು ಇನ್ನೂ ಕಾಯ್ದೆಯಾಗಿಲ್ಲ. ಆಯೋಗದ ಕರಡಿನಲ್ಲೂ ಪರಿಹಾರ ಸಿಗುವುದು ದುರುದ್ದೇಶ ಅಥವಾ ಅಪ್ರಾಮಾಣಿಕತೆಯಿಂದ ಮೊಕದ್ದಮೆ ನಡೆದಿದ್ದರೆ ಮಾತ್ರ. ಸಾಕ್ಷಿ ಪ್ರಾಮಾಣಿಕವಾಗಿಯೇ ತಪ್ಪು ಮುಖವನ್ನು ಗುರುತಿಸಿದ್ದರಿಂದ ಹತ್ತು ವರ್ಷ ಒಳಗಿದ್ದವರನ್ನು ಹೊರಗಿಡುವ ಈ ಮಾನದಂಡ ನನಗೆ ಸರಿಕಾಣುವುದಿಲ್ಲ.

ಸದ್ಯಕ್ಕೆ ವಕೀಲರು ಮಾಡಬಹುದಾದದ್ದು ಮೇಲ್ಮನವಿಯ ವಾದದಲ್ಲೇ ಇದೆ. ಸಂಶಯದ ಲಾಭವನ್ನಷ್ಟೇ ಕೇಳಿ ಸುಮ್ಮನಾಗದೆ, ಪಂಚನಾಮೆ ಸುಳ್ಳೆಂದೋ ಸಾಕ್ಷ್ಯ ಸೃಷ್ಟಿಸಲಾಗಿದೆಯೆಂದೋ ದಾಖಲೆ ತೋರಿಸುತ್ತಿದ್ದರೆ, ಆ ಬಗ್ಗೆ ಸ್ಪಷ್ಟ ನಿರ್ಣಯ ನೀಡುವಂತೆ ಪೀಠವನ್ನು ಒತ್ತಾಯಿಸಬೇಕು. ಮುಂದಿನ ಪರಿಹಾರದ ಅರ್ಜಿಗೆ ತೀರ್ಪಿನ ಆ ಒಂದು ಪ್ಯಾರಾವೇ ಮುಖ್ಯ ಆಧಾರವಾಗುತ್ತದೆ.